ಓದುಗರ ಪ್ರಶ್ನೆ, ನಮ್ಮ ಉತ್ತರ: ಉಡುಪು ಸರಣಿ ಮಳಿಗೆಗಳ ಹಂಗಾಮು, ನೌಕರರು ಮತ್ತು ನಷ್ಟದ ಲೆಕ್ಕ

ಸಿದ್ಧ ಉಡುಪು ಮಾರುವ ದೊಡ್ಡ ಸರಣಿ ಮಳಿಗೆಗಳ ವ್ಯವಹಾರವನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನು ವಾಣಿಜ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ಅಮೆರಿಕದ ಷೇರುಪೇಟೆಯಲ್ಲಿರುವ ಉಡುಪು ಕಂಪನಿಗಳ ವರದಿಗಳನ್ನು ಓದುವಾಗ, ಅವುಗಳ ಹಣಕಾಸು ವರ್ಷ ಡಿಸೆಂಬರ್ ಕೊನೆಗೆ ಮುಗಿಯದೆ, ಜನವರಿ 31ರ ಆಸುಪಾಸಿನ ಒಂದು ಶನಿವಾರಕ್ಕೆ ಮುಗಿಯುವುದನ್ನು ಗಮನಿಸಿದೆ. ನೌಕರರ ಸಂಖ್ಯೆಯನ್ನೂ ಅದೇ ದಿನಕ್ಕೆ ಕೊಟ್ಟು, ವರ್ಷಾಂತ್ಯದ ರಜಾ ಹಂಗಾಮಿನಲ್ಲಿ ಈ ಸಂಖ್ಯೆ ಹೆಚ್ಚುತ್ತದೆ ಎಂದು ಒಂದು ಸಾಲು ಸೇರಿಸಿರುತ್ತಾರೆ. ಇದರ ಹಿಂದಿನ ಕಾರಣವೇನು?

ಉತ್ತರ: ಡಿಸೆಂಬರ್ 31 ಎಂಬುದು ಈ ವ್ಯಾಪಾರದಲ್ಲಿ ಲೆಕ್ಕ ಮುಗಿಸಲು ಅತ್ಯಂತ ಅನನುಕೂಲದ ದಿನ. ಅಂದು ಮಳಿಗೆಯಲ್ಲಿ ಉಡುಗೊರೆಯಾಗಿ ಹೋದ ಬಟ್ಟೆಗಳು ಬದಲಾವಣೆಗೆಂದು ಹಿಂದಿರುಗಿ ಬರುತ್ತಿರುತ್ತವೆ, ಉಳಿದ ಚಳಿಗಾಲದ ಮಾಲಿಗೆ ರಿಯಾಯಿತಿಯ ಚೀಟಿ ಅಂಟಿಸುವ ಕೆಲಸ ನಡೆದಿರುತ್ತದೆ. ಹಂಗಾಮಿನಲ್ಲಿ ಗಳಿಸಿದ್ದೆಷ್ಟು, ಕಳೆದುಕೊಂಡಿದ್ದೆಷ್ಟು ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಜನವರಿ ಕೊನೆಯ ಹೊತ್ತಿಗೆ ವಾಪಸಾತಿ ಮುಗಿದಿರುತ್ತದೆ, ರಿಯಾಯಿತಿ ಮಾರಾಟವೂ ಬಹುಪಾಲು ಮುಗಿದಿರುತ್ತದೆ, ವಸಂತ ಋತುವಿನ ಮಾಲು ಪೂರ್ತಿ ಬಂದಿರುವುದಿಲ್ಲ. ದಾಸ್ತಾನು ವರ್ಷದಲ್ಲೇ ಕಡಿಮೆ ಇರುವ ಹೊತ್ತು ಅದು. ಎಣಿಸುವುದೂ ಸುಲಭ, ಬೆಲೆ ಕಟ್ಟುವುದೂ ಸುಲಭ.

ಶನಿವಾರದ ವಿಷಯ ಬೇರೆ. ವಾರಾಂತ್ಯದ ಎರಡು ದಿನಗಳ ವ್ಯಾಪಾರವೇ ಇಡೀ ವಾರದ ಭಾರವನ್ನು ಹೊರುವಾಗ, ನಾಲ್ಕು ಶನಿವಾರಗಳಿರುವ ಒಂದು ತಿಂಗಳನ್ನು ಐದು ಶನಿವಾರಗಳಿರುವ ಇನ್ನೊಂದು ತಿಂಗಳಿನೊಂದಿಗೆ ಹೋಲಿಸಿದರೆ ಸಿಗುವ ಉತ್ತರ ದಾರಿತಪ್ಪಿಸುತ್ತದೆ. ಆದ್ದರಿಂದ ಅಮೆರಿಕದ ಚಿಲ್ಲರೆ ವ್ಯಾಪಾರಿಗಳು ವರ್ಷವನ್ನು ತಿಂಗಳುಗಳಲ್ಲಿ ಅಲ್ಲದೆ ವಾರಗಳಲ್ಲಿ ಎಣಿಸುತ್ತಾರೆ: ಪ್ರತಿ ತ್ರೈಮಾಸಿಕಕ್ಕೆ 13 ವಾರ, ಅದರೊಳಗೆ ಕ್ರಮವಾಗಿ ನಾಲ್ಕು, ಐದು, ನಾಲ್ಕು ವಾರಗಳ ಮೂರು ‘ತಿಂಗಳು’. ಹೀಗೆ 52 ವಾರ ಕೂಡಿಸಿದರೆ 364 ದಿನಗಳಷ್ಟೇ ಆಗುವುದರಿಂದ ಐದಾರು ವರ್ಷಗಳಿಗೊಮ್ಮೆ 53ನೆಯ ವಾರವೊಂದನ್ನು ಸೇರಿಸಬೇಕಾಗುತ್ತದೆ. 2024ರ ಫೆಬ್ರುವರಿ 3ಕ್ಕೆ ಮುಗಿದ ವರ್ಷ ಅಂಥದ್ದು. ಆ ವರ್ಷದ ಮಾರಾಟದಲ್ಲಿ ಒಂದು ವಾರದ ವ್ಯಾಪಾರ ಪುಕ್ಕಟೆಯಾಗಿ ಸೇರಿಕೊಂಡಿರುತ್ತದೆ, ಮರುವರ್ಷ ಅದೇ ವಾರ ಇಳಿಕೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನೀವು ಪ್ರಬಂಧಕ್ಕಾಗಿ ಬೆಳವಣಿಗೆಯ ಪ್ರಮಾಣ ಲೆಕ್ಕಹಾಕುವುದಾದರೆ ಇದನ್ನು ಮೊದಲು ಬದಿಗಿಡಿ.

ಇನ್ನು ನೌಕರರ ಸಂಖ್ಯೆ. ದಾಸ್ತಾನು ತಳಮುಟ್ಟಿದ ದಿನವೇ ನೌಕರರನ್ನೂ ಎಣಿಸಿದರೆ, ಹಂಗಾಮಿಗೆಂದು ಸೇರಿಸಿಕೊಂಡವರು ಆ ಹೊತ್ತಿಗೆ ಹೊರಗೆ ಹೋಗಿರುತ್ತಾರೆ. ವರ್ಷದ ಒಟ್ಟು ಮಾರಾಟವನ್ನು ಆ ಸಂಖ್ಯೆಯಿಂದ ಭಾಗಿಸಿ ‘ತಲಾ ಮಾರಾಟ’ ತೆಗೆಯುವವರು, ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ದುಡಿದವರ ಶ್ರಮವನ್ನು ಜನವರಿಯಲ್ಲಿ ಉಳಿದವರ ಖಾತೆಗೆ ಬರೆಯುತ್ತಾರೆ. ಅರೆಕಾಲಿಕ ನೌಕರರನ್ನೂ ಒಂದು ತಲೆಯೆಂದೇ ಎಣಿಸುವುದು ಇನ್ನೊಂದು ತೊಡಕು. ವಾರಕ್ಕೆ ಹತ್ತು ಗಂಟೆ ದುಡಿಯುವವರೂ ನಲವತ್ತು ಗಂಟೆ ದುಡಿಯುವವರೂ ಆ ಸಂಖ್ಯೆಯಲ್ಲಿ ಸಮಾನರು. 2020ರ ನವೆಂಬರ್‌ನಿಂದ ಅಮೆರಿಕದ ಷೇರು ನಿಯಂತ್ರಣ ಆಯೋಗವು ಬರೀ ಸಂಖ್ಯೆ ಸಾಲದು, ವ್ಯವಹಾರಕ್ಕೆ ಮಹತ್ವವಿದ್ದಷ್ಟು ಮಟ್ಟಿಗೆ ಮಾನವ ಸಂಪನ್ಮೂಲದ ವಿವರಣೆಯನ್ನೂ ಕೊಡಬೇಕು ಎಂದು ನಿಯಮ ಮಾಡಿದೆ. ಏನನ್ನು ಹೇಳಬೇಕೆಂಬ ಆಯ್ಕೆಯನ್ನು ಕಂಪನಿಗಳಿಗೇ ಬಿಟ್ಟಿರುವುದರಿಂದ ಹಲವು ವರದಿಗಳಲ್ಲಿ ತರಬೇತಿ ಮತ್ತು ಸೌಹಾರ್ದದ ವರ್ಣನೆ ಧಾರಾಳವಾಗಿಯೂ, ಎಷ್ಟು ಮಂದಿ ವರ್ಷದೊಳಗೆ ಕೆಲಸ ಬಿಟ್ಟರು ಎಂಬ ಮಾಹಿತಿ ವಿರಳವಾಗಿಯೂ ಸಿಗುತ್ತದೆ.

ಪ್ರಶ್ನೆ: ಹಂಗಾಮಿನ ಕೊನೆಗೆ ಅರ್ಧ ಬೆಲೆಗೆ, ಅದಕ್ಕಿಂತಲೂ ಕಡಿಮೆಗೆ ಮಾರುತ್ತಾರಲ್ಲ, ಇವರಿಗೆ ನಷ್ಟವಾಗುವುದಿಲ್ಲವೇ? ಅಥವಾ ಮೊದಲಿನ ಬೆಲೆಯೇ ಮೋಸದ್ದೇ?

ಉತ್ತರ: ರಿಯಾಯಿತಿಯ ಒಂದು ಪಾಲನ್ನು ಮೊದಲಿನ ಬೆಲೆಯಲ್ಲೇ ಲೆಕ್ಕಹಾಕಿ ಸೇರಿಸಿರುತ್ತಾರೆ, ಅದು ಮೋಸವಲ್ಲ, ಯೋಜನೆ. ತೊಂದರೆ ಆರಂಭವಾಗುವುದು ಯೋಜನೆಗೂ ಮೀರಿ ರಿಯಾಯಿತಿ ಕೊಡಬೇಕಾಗಿ ಬಂದಾಗ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ.

ಒಂದು ಮಳಿಗೆ 100 ಕೋಟುಗಳನ್ನು ತಲಾ 40ರಂತೆ ಕೊಂಡಿದೆ, ಅಂದರೆ 4,000 ಖರ್ಚು. ಮಾರಾಟದ ಬೆಲೆ 100. ಯೋಜನೆಯಂತೆ 60 ಕೋಟು ಪೂರ್ತಿ ಬೆಲೆಗೆ, 25 ಕೋಟು 60ಕ್ಕೆ, ಕೊನೆಯ 15 ಕೋಟು 30ಕ್ಕೆ ಹೋದರೆ ಬರುವ ಹಣ 7,950. ಮಾಲಿನ ಬೆಲೆ ಕಳೆದು ಉಳಿಯುವುದು 3,950. ಬಾಡಿಗೆ, ಸಂಬಳ, ಸಾಗಣೆ, ವಿದ್ಯುತ್ ಎಲ್ಲಾ ಸೇರಿ 2,500 ಎಂದುಕೊಂಡರೆ ಲಾಭ 1,450. ಆ ವರ್ಷ ಚಳಿ ತಡವಾಗಿ ಬಂತೆನ್ನಿ. 40 ಕೋಟು ಪೂರ್ತಿ ಬೆಲೆಗೆ, 30 ಕೋಟು 60ಕ್ಕೆ, ಉಳಿದ 30 ಕೋಟು 25ಕ್ಕೆ ಹೋದವು. ಬಂದ ಹಣ 6,550, ಮಾಲಿನ ಬೆಲೆ ಕಳೆದರೆ 2,550, ಖರ್ಚು ಕಳೆದರೆ 50. ಕೋಟುಗಳು ಒಂದೂ ಉಳಿಯದೆ ಮಾರಾಟವಾದವು, ಮಾರಾಟದ ಮೊತ್ತ ಶೇ 18ರಷ್ಟು ಮಾತ್ರ ಇಳಿಯಿತು, ಲಾಭ ಮಾತ್ರ ಹೆಚ್ಚುಕಡಿಮೆ ಮಾಯವಾಯಿತು. ಈ ವ್ಯಾಪಾರದ ಸ್ವಭಾವವೆಲ್ಲ ಈ ಎರಡು ಸಾಲಿನ ಲೆಕ್ಕದಲ್ಲಿದೆ: ಕೋಟುಗಳಿಗೆ ಆದೇಶ ಕೊಟ್ಟದ್ದು ಆರೇಳು ತಿಂಗಳ ಹಿಂದೆ, ಚಳಿ ಬರುವುದೋ ಇಲ್ಲವೋ ತಿಳಿಯುವುದು ಕೊನೆಯ ಕೆಲವು ವಾರಗಳಲ್ಲಿ.

ಕೊನೆಗೆ ಉಳಿಯುವ ಮಾಲು ಯಾವುದು ಎಂಬುದನ್ನೂ ಗಮನಿಸಬೇಕು. ರಿಯಾಯಿತಿಯ ಕಂಬಿಯ ಮುಂದೆ ನಿಂತು ನೋಡಿದರೆ ಒಂದೇ ವಿನ್ಯಾಸದ ಅಂಗಿಯ ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಳತೆಗಳು ಸಾಲಾಗಿ ನೇತಾಡುತ್ತಿರುತ್ತವೆ. ನಡುವಿನ ಅಳತೆಗಳು ಎಂದೋ ಹೋಗಿರುತ್ತವೆ. ಅಳತೆಗಳ ಸಾಲು ಹೀಗೆ ಮುರಿದ ಮೇಲೆ, ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೊಳ್ಳಬಲ್ಲವರೇ ಕಡಿಮೆ. ಆದ್ದರಿಂದ ಒಟ್ಟು ಎಷ್ಟು ಕೊಳ್ಳಬೇಕು ಎಂಬ ಅಂದಾಜಿನಷ್ಟೇ, ಯಾವ ಊರಿನ ಮಳಿಗೆಗೆ ಯಾವ ಅಳತೆಯ ಎಷ್ಟು ಕಳುಹಿಸಬೇಕು ಎಂಬ ಅಂದಾಜೂ ಲಾಭವನ್ನು ನಿರ್ಧರಿಸುತ್ತದೆ.

ಮಾರಾಟವಾಗದ ಮಾಲಿನ ಗತಿ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2018ರ ಆರಂಭದಲ್ಲಿ ಎಚ್ ಅಂಡ್ ಎಂ ಕಂಪನಿಯ ದಾಸ್ತಾನು ಸುಮಾರು 430 ಕೋಟಿ ಡಾಲರ್ ಮೌಲ್ಯಕ್ಕೆ ಏರಿದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಬರ್ಬೆರಿ ಕಂಪನಿ 2018ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಸರಕನ್ನು ನಾಶಪಡಿಸಿದ್ದಾಗಿ ತನ್ನ ವರದಿಯಲ್ಲೇ ಹೇಳಿತ್ತು; ಟೀಕೆ ಬಂದ ಮೇಲೆ ಅದೇ ವರ್ಷ ಆ ಪದ್ಧತಿಯನ್ನು ಕೈಬಿಟ್ಟಿತು. ಮಾರಾಟವಾಗದ ಉಡುಪು ಮತ್ತು ಪಾದರಕ್ಷೆಗಳನ್ನು ದೊಡ್ಡ ಕಂಪನಿಗಳು ನಾಶಪಡಿಸುವುದನ್ನು ಐರೋಪ್ಯ ಒಕ್ಕೂಟವು 2024ರ ಕಾನೂನಿನ ಮೂಲಕ ನಿಷೇಧಿಸಿದ್ದು, 2026ರ ಜುಲೈ ಅದರ ಜಾರಿಗೆ ಗೊತ್ತುಮಾಡಿದ ಕಾಲ.

ಪ್ರಶ್ನೆ: ನಾನು ಬಟ್ಟೆಯ ಸರಣಿ ಮಳಿಗೆಯೊಂದರಲ್ಲಿ ಹಂಗಾಮಿ ನೌಕರನಾಗಿ ಸೇರಿದೆ. ಹಂಗಾಮು ಜೋರಿದ್ದಾಗ ರಾತ್ರಿಯವರೆಗೂ ಕೆಲಸ. ಅದು ಮುಗಿಯುತ್ತಿದ್ದಂತೆ ವಾರಕ್ಕೆ ಎಂಟು ಗಂಟೆಯ ಪಾಳಿ, ಅದೂ ಹಿಂದಿನ ದಿನ ತಿಳಿಸುತ್ತಾರೆ. ಕೆಲಸದಿಂದ ತೆಗೆದೂ ಇಲ್ಲ, ಇಟ್ಟುಕೊಂಡೂ ಇಲ್ಲ. ಅದೇ ಕಂಪನಿಯ ವರದಿಯಲ್ಲಿ ‘ನೌಕರರೇ ನಮ್ಮ ಆಸ್ತಿ’ ಎಂದು ಬರೆದಿದ್ದಾರೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಲಿ, ಸಾರ್?

ಉತ್ತರ: ನಿಮ್ಮ ವ್ಯವಸ್ಥಾಪಕರ ಮೇಲೆ ನಿಮಗೆ ಸಿಟ್ಟು ಬಂದಿರುವುದು ಸಹಜ, ಆದರೆ ನಿಮ್ಮ ಪಾಳಿಯ ಗಂಟೆಗಳನ್ನು ಅವರು ತಾವಾಗಿ ನಿರ್ಧರಿಸಿರುವ ಸಾಧ್ಯತೆ ಕಡಿಮೆ. ಸರಣಿ ಮಳಿಗೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಮುಂದಿನ ವಾರ ಎಷ್ಟು ಗ್ರಾಹಕರು ಬರಬಹುದು, ಎಷ್ಟು ಮಾರಾಟವಾಗಬಹುದು ಎಂದು ಕೇಂದ್ರ ಕಚೇರಿಯ ತಂತ್ರಾಂಶ ಅಂದಾಜು ಮಾಡಿ, ಅದರ ಇಂತಿಷ್ಟು ಪಾಲನ್ನು ಮಾತ್ರ ಸಂಬಳಕ್ಕೆ ಖರ್ಚು ಮಾಡಬಹುದೆಂದು ಪ್ರತಿ ಮಳಿಗೆಗೂ ಗಂಟೆಗಳ ಮಿತಿ ಕಳುಹಿಸುತ್ತದೆ. ಮಾರಾಟ ಅಂದಾಜಿಗಿಂತ ಕೆಳಗಿಳಿದರೆ ಮಿತಿಯೂ ಇಳಿಯುತ್ತದೆ. ವ್ಯವಸ್ಥಾಪಕರು ಆ ಮಿತಿಯೊಳಗೆ ಹೆಸರುಗಳನ್ನು ತುಂಬಿಸುತ್ತಾರೆ, ಅಷ್ಟೇ.

ಮೇಲಿನ ಕೋಟಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರದ ತಿರುಳು ಅಲ್ಲಿ ಸಿಗುತ್ತದೆ. ಮಾಲಿಗೆ ಹಣ ಕೊಟ್ಟಾಗಿದೆ, ಅದನ್ನು ವಾಪಸು ಕೊಡಲಾಗದು. ಮಳಿಗೆಯ ಬಾಡಿಗೆ ಕರಾರು ಹಲವು ವರ್ಷಗಳದ್ದು, ವ್ಯಾಪಾರ ಇಲ್ಲವೆಂದು ಮಾಲೀಕರು ಬಾಡಿಗೆ ಬಿಡುವುದಿಲ್ಲ. ಸಾಲದ ಬಡ್ಡಿಯೂ ನಿಲ್ಲುವುದಿಲ್ಲ. ವಾರದೊಳಗೆ ಇಳಿಸಬಹುದಾದ ದೊಡ್ಡ ಖರ್ಚು ಎಂದರೆ ನೌಕರರ ಗಂಟೆಗಳು ಮಾತ್ರ. ಹೀಗಾಗಿ ಎಷ್ಟು ಕೋಟು ಕೊಳ್ಳಬೇಕೆಂದು ಆರು ತಿಂಗಳ ಹಿಂದೆ ತೀರ್ಮಾನಿಸಿದವರ ಅಂದಾಜು ತಪ್ಪಿದರೆ, ಅದರ ಮೊದಲ ಕಂತನ್ನು ಕಟ್ಟುವವರು ಆ ತೀರ್ಮಾನದಲ್ಲಿ ಪಾಲಿಲ್ಲದ ನಿಮ್ಮಂಥವರು. ಷೇರುದಾರರಿಗೆ ಬಿಸಿ ತಟ್ಟುವುದು ತ್ರೈಮಾಸಿಕ ಫಲಿತಾಂಶ ಬಂದ ಮೇಲೆ.

ಇದು ಕಂಪನಿಗಾದರೂ ಲಾಭವೇ ಎಂದು ಕೇಳಿದರೆ, ನನ್ನ ಅಭಿಪ್ರಾಯದಲ್ಲಿ ಅನೇಕ ಸಲ ಅಲ್ಲ. ಮಳಿಗೆಯ ಹಿಂದಿನ ಕೋಣೆಯನ್ನು ನೀವು ಬಲ್ಲಿರಿ: ಬಿಚ್ಚದ ರಟ್ಟಿನ ಪೆಟ್ಟಿಗೆಗಳು ಎದೆಯೆತ್ತರಕ್ಕೆ ಪೇರಿಸಿರುತ್ತವೆ, ಗ್ರಾಹಕರು ಕೇಳುತ್ತಿರುವ ನಡು ಅಳತೆಯ ಅಂಗಿ ಅದರಲ್ಲೊಂದರ ತಳದಲ್ಲಿರುತ್ತದೆ, ಬಿಚ್ಚಿ ತರಲು ಪಾಳಿಯಲ್ಲಿ ಯಾರೂ ಇರುವುದಿಲ್ಲ. ಬಟ್ಟೆ ಹಾಕಿ ನೋಡುವ ಕೋಣೆಯಲ್ಲಿ ಬಿಟ್ಟುಹೋದ ಬಟ್ಟೆಗಳ ರಾಶಿ ಸಂಜೆಯವರೆಗೂ ಕಂಬಿಗೆ ಮರಳುವುದಿಲ್ಲ. ಆ ಅಂಗಿ ಮುಂದಿನ ತಿಂಗಳು ಅರ್ಧ ಬೆಲೆಗೆ ಹೋಗುತ್ತದೆ. ಉಳಿಸಿದ ಒಂದು ಗಂಟೆಯ ಕೂಲಿ ಈ ನಷ್ಟದ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಇದಕ್ಕೆ ಬರೀ ತರ್ಕವಲ್ಲ, ಪ್ರಯೋಗದ ಆಧಾರವೂ ಇದೆ. ಗ್ಯಾಪ್ ಕಂಪನಿಯ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಪ್ರದೇಶಗಳ 28 ಮಳಿಗೆಗಳಲ್ಲಿ 2015 ಮತ್ತು 2016ರಲ್ಲಿ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಪಾಳಿಯನ್ನು ಸ್ಥಿರಗೊಳಿಸಿದ ಮಳಿಗೆಗಳ ಮಾರಾಟ ಶೇ 7ರಷ್ಟು, ಕಾರ್ಮಿಕ ಉತ್ಪಾದಕತೆ ಶೇ 5ರಷ್ಟು ಹೆಚ್ಚಿದ್ದು ಕಂಡುಬಂದಿತು.

ಕೆಲವೆಡೆ ಕಾನೂನೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ನ್ಯೂಯಾರ್ಕ್ ನಗರದಲ್ಲಿ 2017ರ ನವೆಂಬರ್‌ನಿಂದ ಚಿಲ್ಲರೆ ಮಳಿಗೆಗಳ ನೌಕರರಿಗೆ ಪಾಳಿಯ ಪಟ್ಟಿಯನ್ನು ಕನಿಷ್ಠ 72 ಗಂಟೆ ಮೊದಲು ಕೊಡಬೇಕು. ಆರೆಗನ್ ರಾಜ್ಯದ ಕಾನೂನು ದೊಡ್ಡ ಚಿಲ್ಲರೆ ಕಂಪನಿಗಳಿಗೆ ಈಗ 14 ದಿನಗಳ ಮುನ್ಸೂಚನೆಯನ್ನು ಕಡ್ಡಾಯ ಮಾಡಿದೆ. ಇಂಥ ಕಾನೂನು ಇಲ್ಲದ ಕಡೆ ನೀವು ಮಾಡಬಹುದಾದದ್ದು ಸೀಮಿತವಾದರೂ ಇದೆ. ಮುಂದಿನ ಹಂಗಾಮಿಗೆ ಸೇರುವ ಮುನ್ನ ವಾರಕ್ಕೆ ಕನಿಷ್ಠ ಎಷ್ಟು ಗಂಟೆ, ಕೆಲಸ ಮುಗಿಯುವ ದಿನಾಂಕ ಯಾವುದು ಎಂಬೆರಡನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಆ ಮೌನವೇ ಒಂದು ಉತ್ತರ ಎಂದು ತಿಳಿದು ಬೇರೆ ಕೆಲಸವನ್ನೂ ನೋಡುತ್ತಿರಿ. ಪಾಳಿಪಟ್ಟಿಯ ಚಿತ್ರವನ್ನು ಪ್ರತಿ ವಾರವೂ ಇಟ್ಟುಕೊಳ್ಳಿ, ಸಂಬಳದ ಗಂಟೆಗಳಲ್ಲಿ ವ್ಯತ್ಯಾಸ ಬಂದಾಗ ಬೇಕಾಗುತ್ತದೆ.

ಇನ್ನೊಂದು ಮಾತು. ಅಮೆರಿಕದ ಕಂಪನಿಗಳು ಮುಖ್ಯಾಧಿಕಾರಿಯ ವೇತನವನ್ನು ಮಧ್ಯದ ನೌಕರರ (ಎಲ್ಲರನ್ನೂ ವೇತನದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವರ) ವಾರ್ಷಿಕ ವೇತನದೊಂದಿಗೆ ಹೋಲಿಸಿ ಅನುಪಾತವನ್ನು 2018ರಿಂದ ಪ್ರಕಟಿಸುತ್ತಿವೆ. ಅರೆಕಾಲಿಕ ನೌಕರರ ಗಳಿಕೆಯನ್ನು ಪೂರ್ಣಕಾಲಿಕವೆಂಬಂತೆ, ಹಂಗಾಮಿ ನೌಕರರ ಗಳಿಕೆಯನ್ನು ಇಡೀ ವರ್ಷದ್ದೆಂಬಂತೆ ಹಿಗ್ಗಿಸಲು ನಿಯಮ ಬಿಡುವುದಿಲ್ಲ. ಉಡುಪು ಮಳಿಗೆಗಳ ಅನುಪಾತ ಭಾರಿ ದೊಡ್ಡದಾಗಿ ಕಾಣುವುದು ಇದರಿಂದಲೇ ಎಂದು ಕಂಪನಿಗಳು ಅಡಿಟಿಪ್ಪಣಿಯಲ್ಲಿ ಸಮಜಾಯಿಷಿ ಕೊಡುತ್ತವೆ. ಸಮಜಾಯಿಷಿ ಸರಿಯೇ, ಆದರೆ ಆ ನೌಕರರ ಮನೆಗೆ ಹೋದ ಹಣವೂ ಅಷ್ಟೇ.

ಪ್ರಶ್ನೆ: ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ಉಡುಪು ಸರಣಿಯೊಂದರ ಷೇರಿನಲ್ಲಿ ತೊಡಗಿಸಿದ್ದೇನೆ. ವರದಿಯಲ್ಲಿ ‘ಅಪಾಯದ ಅಂಶಗಳು’ ಎಂಬ ಭಾಗ ಹತ್ತಾರು ಪುಟಗಳಿದೆ. ಫ್ಯಾಷನ್ ಬದಲಾವಣೆ, ಹವಾಮಾನ, ಯುದ್ಧ, ಸಾಂಕ್ರಾಮಿಕ, ಗಣಕಜಾಲದ ಕಳ್ಳತನ ಎಲ್ಲವೂ ಇವೆ. ಓದಿ ನಿದ್ದೆ ಬರಲಿಲ್ಲ. ಷೇರು ಮಾರಿಬಿಡಲೇ?

ಉತ್ತರ: ಷೇರು ಮಾರುವ ಅಥವಾ ಇಟ್ಟುಕೊಳ್ಳುವ ಸಲಹೆಯನ್ನು ಈ ಅಂಕಣ ಕೊಡುವುದಿಲ್ಲ. ಆ ಪುಟಗಳನ್ನು ಹೇಗೆ ಓದಬೇಕೆಂಬುದನ್ನು ಮಾತ್ರ ಹೇಳಬಹುದು, ಅದರಿಂದ ನಿದ್ದೆಯ ಸಮಸ್ಯೆ ಸ್ವಲ್ಪ ಪರಿಹಾರವಾದೀತು.

ಅಮೆರಿಕದ 1995ರ ಕಾನೂನೊಂದು, ಮುಂದಿನ ದಿನಗಳ ಬಗ್ಗೆ ಕಂಪನಿ ಹೇಳಿದ ಮಾತು ಸುಳ್ಳಾದರೂ, ಜೊತೆಗೆ ಅರ್ಥಪೂರ್ಣವಾದ ಎಚ್ಚರಿಕೆಯನ್ನು ಕೊಟ್ಟಿದ್ದರೆ ಷೇರುದಾರರ ಮೊಕದ್ದಮೆಯಿಂದ ರಕ್ಷಣೆ ಒದಗಿಸುತ್ತದೆ. 2005ರ ಕೊನೆಯಿಂದ ವಾರ್ಷಿಕ ವರದಿಯಲ್ಲಿ ಅಪಾಯಗಳ ಪಟ್ಟಿ ಕಡ್ಡಾಯವಾಯಿತು. ಒಂದು ಅಪಾಯವನ್ನು ಬರೆದದ್ದಕ್ಕೆ ಕಂಪನಿಗೆ ದಂಡವಿಲ್ಲ, ಬರೆಯದೆ ಬಿಟ್ಟರೆ ಮೊಕದ್ದಮೆಯ ಭಯವಿದೆ. ಅಂದ ಮೇಲೆ ವಕೀಲರು ಎಲ್ಲವನ್ನೂ ಬರೆಯುತ್ತಾರೆ. ಆದ್ದರಿಂದ ಪಟ್ಟಿಯ ಉದ್ದ ಅಪಾಯದ ಅಳತೆಯಲ್ಲ.

ಹೋದ ವರ್ಷದ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು, ಹೊಸದಾಗಿ ಸೇರಿದ ಸಾಲುಗಳನ್ನೂ ಸ್ಥಾನ ಬದಲಿಸಿ ಮೇಲಕ್ಕೆ ಬಂದ ಸಾಲುಗಳನ್ನೂ ಗುರುತುಮಾಡಿ. ‘ಆಗಬಹುದು’ ಎಂದಿದ್ದ ಕಡೆ ಈಗ ‘ಆಗಿದೆ’ ಎಂದಿದ್ದರೆ ಅಲ್ಲಿ ನಿಂತು ಓದಿ. ‘ಗ್ರಾಹಕರ ಅಭಿರುಚಿಯನ್ನು ಊಹಿಸುವುದು ಕಷ್ಟ’ ಎಂಬ ವಾಕ್ಯ ಯಾವ ಉಡುಪು ಕಂಪನಿಗೂ ಹೊಂದುತ್ತದೆ, ಬಿಟ್ಟುಬಿಡಬಹುದು. ‘ನಮ್ಮ ಮಾಲಿನ ಇಂತಿಷ್ಟು ಪಾಲು ಇಂಥ ಒಂದೇ ದೇಶದಿಂದ ಬರುತ್ತದೆ’, ‘ನಮ್ಮೆಲ್ಲ ಮಾಲು ಒಂದೇ ವಿತರಣಾ ಗೋದಾಮಿನ ಮೂಲಕ ಹೋಗುತ್ತದೆ’ ಎಂಬಂಥ ವಾಕ್ಯಗಳನ್ನು ಬಿಡುವಂತಿಲ್ಲ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಹಂಗಾಮಿನ ಉಡುಪು ಮೂರು ವಾರ ತಡವಾಗಿ ಬಂದರೆ ಅದು ನೇರವಾಗಿ ರಿಯಾಯಿತಿಯ ಕಂಬಿಗೇ ಹೋಗುತ್ತದೆ. ಗಣಕಜಾಲದ ಅಪಾಯವೂ ಬರೀ ಬಾಯಿಮಾತಲ್ಲ: ರಿಯಾಯಿತಿ ಬೆಲೆಯ ಮಳಿಗೆಗಳನ್ನು ನಡೆಸುವ ಅಮೆರಿಕದ ಟಿಜೆಎಕ್ಸ್ ಕಂಪನಿಯಿಂದ ಕನಿಷ್ಠ 4.57 ಕೋಟಿ ಪಾವತಿ ಕಾರ್ಡುಗಳ ಮಾಹಿತಿ ಕಳುವಾದದ್ದು 2007ರಲ್ಲಿ ಹೊರಬಿತ್ತು.

ಬಾಡಿಗೆ ಕರಾರುಗಳ ಬಗ್ಗೆ ವಿಶೇಷ ಗಮನವಿರಲಿ. ಫಾರೆವರ್ 21 ಕಂಪನಿ ದೊಡ್ಡ ದೊಡ್ಡ ಮಳಿಗೆಗಳನ್ನು ಅನೇಕ ದೇಶಗಳಲ್ಲಿ ವೇಗವಾಗಿ ತೆರೆದು, 2019ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಬೇಕಾಯಿತು. ಅದರ ಅಮೆರಿಕದ ವ್ಯವಹಾರ 2025ರ ಮಾರ್ಚ್‌ನಲ್ಲಿ ಎರಡನೆಯ ಸಲ ಅದೇ ಬಾಗಿಲಿಗೆ ಬಂದಾಗ ಹೇಳಿದ ಕಾರಣಗಳಲ್ಲಿ ಒಂದು, 800 ಡಾಲರಿನೊಳಗಿನ ಪೊಟ್ಟಣಗಳಿಗೆ ಸುಂಕವಿಲ್ಲದ ನಿಯಮವನ್ನು ಬಳಸಿಕೊಂಡು ವಿದೇಶಿ ಆನ್‌ಲೈನ್ ವ್ಯಾಪಾರಿಗಳು ಕೊಡುತ್ತಿದ್ದ ಅಗ್ಗದ ಪೈಪೋಟಿ. ಆ ವಿನಾಯಿತಿಯನ್ನು ಅಮೆರಿಕ ಅದೇ ವರ್ಷ ಮೊದಲು ಚೀನಾದ ಪೊಟ್ಟಣಗಳಿಗೆ ಮೇ ತಿಂಗಳಲ್ಲೂ ಆಮೇಲೆ ಎಲ್ಲ ದೇಶಗಳಿಗೂ ಆಗಸ್ಟ್ ಕೊನೆಯಲ್ಲೂ ತೆಗೆದುಹಾಕಿತು. ಒಂದು ಕಂಪನಿಯ ‘ವ್ಯಾಪಾರ ನೀತಿಯ ಅಪಾಯ’ ಇನ್ನೊಂದು ಕಂಪನಿಗೆ ಉಸಿರಾಡುವ ಅವಕಾಶ ಆಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಪ್ರಶ್ನೆ: ಬಹುಪಾಲು ಕಂಪನಿಗಳಿಗೆ ಸ್ವಂತ ಕಾರ್ಖಾನೆಯೇ ಇರುವುದಿಲ್ಲವಂತೆ. ಹೊಲಿಯುವವರು ಇವರ ನೌಕರರಲ್ಲ ಎಂದ ಮೇಲೆ ಅಲ್ಲಿನ ಅನಾಹುತ ಇವರ ವ್ಯಾಪಾರದ ಅಪಾಯ ಹೇಗಾಗುತ್ತದೆ?

ಉತ್ತರ: ನೌಕರರ ಸಂಖ್ಯೆಯ ಸಾಲಿನಲ್ಲಿ ಅವರು ಬರುವುದಿಲ್ಲ ಎಂಬುದು ನಿಜ. ಆದರೆ 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತಾಗ, ಅವಶೇಷಗಳಲ್ಲಿ ಸಿಕ್ಕ ಬಟ್ಟೆಗಳ ಬ್ರ್ಯಾಂಡ್ ಚೀಟಿಗಳು ಯುರೋಪ್ ಮತ್ತು ಉತ್ತರ ಅಮೆರಿಕದ ಮಳಿಗೆಗಳ ಕಡೆ ಬೆರಳು ತೋರಿಸಿದವು. ಆ ಬಳಿಕ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಕಾರ್ಖಾನೆಗಳ ಸುರಕ್ಷತೆಯ ಕುರಿತು ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದವು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಅಮೆರಿಕದ ಕಾನೂನಿನಂತೆ, ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿಯಿಂದ ಮಾಡಿದ ಬಟ್ಟೆಯನ್ನು ಬಲವಂತದ ದುಡಿಮೆಯ ಫಲವೆಂದೇ ಭಾವಿಸಿ ಬಂದರಿನಲ್ಲಿ ತಡೆಯಲಾಗುತ್ತದೆ. ಹಾಗಲ್ಲ ಎಂದು ಸಾಬೀತುಪಡಿಸುವ ಹೊಣೆ ಆಮದುದಾರರದು. ಅಂದರೆ ನೂಲಿನ ಮೂಲ ಗೊತ್ತಿಲ್ಲದವರ ಹಂಗಾಮಿನ ಮಾಲು ಸುಂಕದ ಕಟ್ಟೆಯಲ್ಲೇ ಹಳತಾಗಬಹುದು.

ಆದೇಶ ಕೊಡುವ ರೀತಿಗೂ ಕಾರ್ಖಾನೆಯ ಸ್ಥಿತಿಗೂ ನಂಟಿದೆ. ಬಣ್ಣ, ಸಂಖ್ಯೆಗಳನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿ ಸಾಗಣೆಯ ದಿನಾಂಕವನ್ನು ಮಾತ್ರ ಬದಲಿಸದಿದ್ದರೆ, ಹೊಲಿಗೆಯವರು ರಾತ್ರಿ ಪಾಳಿ ಮಾಡಬೇಕಾಗುತ್ತದೆ ಅಥವಾ ಆ ಕೆಲಸವು ಕಂಪನಿಗೆ ಗೊತ್ತೇ ಇಲ್ಲದ ಉಪಗುತ್ತಿಗೆದಾರರ ಕೈಗೆ ಹೋಗುತ್ತದೆ. ಜಾರಾ ಮಳಿಗೆಗಳ ಒಡೆತನದ ಇಂಡಿಟೆಕ್ಸ್, ಫ್ಯಾಷನ್ ಬೇಗ ಬದಲಾಗುವ ಉಡುಪುಗಳ ದೊಡ್ಡ ಪಾಲನ್ನು ಸ್ಪೇನ್, ಪೋರ್ಚುಗಲ್, ಮೊರಾಕ್ಕೊ, ಟರ್ಕಿಗಳಲ್ಲಿ ಮಾಡಿಸಿ ಆದೇಶಕ್ಕೂ ಮಾರಾಟಕ್ಕೂ ನಡುವಿನ ಅವಧಿಯನ್ನೇ ಕಿರಿದುಗೊಳಿಸಿದೆ. ಕೂಲಿ ಹೆಚ್ಚಾದರೂ ತಪ್ಪು ಅಂದಾಜಿನ ಕೋಟುಗಳು ಕಡಿಮೆಯಾಗುತ್ತವೆ ಎಂಬುದು ಅಲ್ಲಿನ ಲೆಕ್ಕಾಚಾರ.

ಪ್ರಶ್ನೆ: ಇಷ್ಟೆಲ್ಲ ಓದಲು ವ್ಯವಧಾನವಿಲ್ಲದವರು ವರದಿಯಲ್ಲಿ ಒಂದೇ ಒಂದು ಅಂಶವನ್ನು ನೋಡುವುದಾದರೆ ಯಾವುದನ್ನು ನೋಡಬೇಕು?

ಉತ್ತರ: ದಾಸ್ತಾನು ಮತ್ತು ಮಾರಾಟ, ಎರಡೂ ಹಿಂದಿನ ವರ್ಷಕ್ಕಿಂತ ಶೇಕಡ ಎಷ್ಟು ಏರಿವೆ ಎಂದು ನೋಡಿ. ಮಾರಾಟ ಶೇ 3 ಏರಿ ದಾಸ್ತಾನು ಶೇ 20 ಏರಿದ್ದರೆ, ಹೊಸ ಮಳಿಗೆಗಳೋ ಮುಂಚಿತವಾಗಿ ತರಿಸಿದ ಮಾಲೋ ಅದಕ್ಕೆ ಕಾರಣವೇ ಎಂದು ಪಕ್ಕದ ವಿವರಣೆಯಲ್ಲಿ ಹುಡುಕಿ. ಅಂಥ ಕಾರಣವೇನೂ ಸಿಗದಿದ್ದರೆ, ಮುಂದಿನ ತ್ರೈಮಾಸಿಕದಲ್ಲಿ ದೊಡ್ಡ ರಿಯಾಯಿತಿಯನ್ನೂ ಸಣ್ಣ ಪಾಳಿಪಟ್ಟಿಯನ್ನೂ ನಿರೀಕ್ಷಿಸಬಹುದು.